ಸೆರೆಯ ಹದಿನೈದು ನತಾಲಗಳು

ಹೊನ್ನಾವರದಿಂದ ಕುಮಟೆಯ ಕಡೆಗೆ ಹೊರಟ ಪ್ರವಾಸಿಗೆ ಹರದಾರಿಗೆ ತುಸು ಹೆಚ್ಚು ದಾರಿ ಕ್ರಮಿಸುವಷ್ಟರಲ್ಲಿ ಕರ್ಕಿಯು ಎದುರಾಗುತ್ತದೆ. ಯಕ್ಷಗಾನದ ಮೇಳದಿಂದಲೂ ದೈವಜ್ಞ ಸಮಾಜದ ಗುರುಪೀಠದಿಂದಲೂ ಹೆಸರುಗೊಂಡ ಗ್ರಾಮವಿದು. ಇದರ ತೆಂಕಲಿಗೆ ಶರಾವತಿಯ ಅಳಿವೆಯೂ ಅದರ ದಡದಲ್ಲಿ ಒಂದು ಕಾಲಕ್ಕೆ ಪೋರ್ತುಗೀಸರ ಕೋಟೆಯಿದ್ದ ಹೊನ್ನಾವರವೂ ಇವೆ. ಬಡಗಲಿಗೆ ಹಾಳುಕೋಟೆಯ ಚಂದಾವರವಿದೆ. ಈ ಎರಡರ ನಡುವಣ ದಾರಿಯಲ್ಲಿ ನಾಲ್ಕು ಶತಮಾನಗಳಿಂದ ಒಂದು ಸಣ್ಣ ಜನಾಂಗವು ತನ್ನ ಪ್ರಾರ್ಥನೆಯನ್ನೂ ತನ್ನ ಹಬ್ಬಗಳನ್ನೂ ಹೊತ್ತುಕೊಂಡು ಓಡಾಡುತ್ತ ಬಂದಿದೆ. ಕೊಂಕಣಿಯನ್ನಾಡುವ ರೋಮನ್ ಕಥೋಲಿಕ ಕ್ರೈಸ್ತರೇ ಆ ಜನ. ಅವರ ಚರಿತ್ರೆಯಲ್ಲಿ ಪುರೋಹಿತನಿಲ್ಲದೆ, ಇಗರ್ಜಿಯಿಲ್ಲದೆ, ತಮ್ಮ ಊರೂ ಇಲ್ಲದೆ ಕಳೆದ ಹದಿನೈದು ವರ್ಷಗಳುಂಟು. ಆ ವರ್ಷಗಳಲ್ಲಿ ಅವರ ಧರ್ಮವು ಉಳಿಯಿತೋ ಅಳಿಯಿತೋ ಎಂಬ ವಿಷಯದಲ್ಲಿ ಬಲ್ಲವರಲ್ಲಿಯೇ ಭೇದವಿದೆ. ಆ ಭೇದವನ್ನು ವಿಚಾರಿಸುವುದಕ್ಕೆ ಮೊದಲು ಅವರು ಇಲ್ಲಿಗೆ ಬಂದ ಬಗೆಯನ್ನು ತಿಳಿಯಬೇಕಾಗುತ್ತದೆ.

ಪೋರ್ತುಗೀಸರು ಹೊನ್ನಾವರವನ್ನು ಹಿಡಿದದ್ದು 1569ರಲ್ಲಿ. ಅದರ ಹಿಂದಿನ ವರ್ಷ ಮಂಗಳೂರು ಅವರ ಕೈಸೇರಿತ್ತು. ಬಸರೂರು ಅದೇ ಸುಮಾರಿಗೆ ಸೇರಿತು. ಅವರಿಗೆ ಬೇಕಾಗಿದ್ದುದು ಎರಡು ವಸ್ತುಗಳು: ಗೇರುಸೊಪ್ಪೆಯ ಘಟ್ಟದಿಂದಿಳಿಯುವ ಮೆಣಸು, ಮತ್ತು ಗೋವೆಯ ಹೊಟ್ಟೆ ತುಂಬಿಸುವ ಕನ್ನಡ ಕರಾವಳಿಯ ಅಕ್ಕಿ. ಕೋಟೆಗಳೊಳಗೆ ಸೈನಿಕರಿಗಾಗಿ ಇಗರ್ಜಿಗಳು ಎದ್ದವು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೋಗುವ ಪೋರ್ತುಗೀಸ ರಾಯಭಾರಿಯ ಸಂಗಡ ಬಂದು ಹೊನ್ನಾವರದಲ್ಲಿ ತಂಗಿದ್ದನು. ಆದರೆ ಕೋಟೆಯೊಳಗಿನ ಈ ಕ್ರೈಸ್ತತನವು ಕೋಟೆಯೊಡನೆಯೇ ಹೋಗತಕ್ಕದ್ದಾಗಿತ್ತು. 1650ರ ಮುಂದಿನ ಕೆಲವೇ ವರ್ಷಗಳಲ್ಲಿ ಕೆಳದಿಯ ಶಿವಪ್ಪ ನಾಯಕನು ಆ ಕೋಟೆಗಳನ್ನೆಲ್ಲ ಕಿತ್ತುಕೊಂಡನು.

ಉಳಿದದ್ದು ಬೇರೊಂದು ಬಗೆಯ ಕ್ರೈಸ್ತತನ. ಅದು ಗದ್ದೆಯ ಬದುವಿನ ಮೇಲೆ ನಡೆದು ಬಂದದ್ದು. ಗೋವೆಯಲ್ಲಿ ಕ್ಷಾಮ, ವ್ಯಾಧಿ, ಕರಭಾರಗಳು ಒಂದು ಕಡೆ; ಮರಾಠರ ದಂಡಯಾತ್ರೆಗಳು ಇನ್ನೊಂದು ಕಡೆ; 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣೆಯ ನ್ಯಾಯಸ್ಥಾನದ ಭೀತಿ ಮಗುದೊಂದು ಕಡೆ. ಈ ಮೂರರಿಂದಲೂ ನೊಂದ ಕುಟುಂಬಗಳು ತಲೆಮಾರು ತಲೆಮಾರಾಗಿ ತೆಂಕಣಕ್ಕೆ ಸರಿದವು. ಕ್ರೈಸ್ತ ರಾಜ್ಯದಿಂದ ಕ್ರೈಸ್ತರೇ ಓಡಿಬಂದು ಒಬ್ಬ ವೀರಶೈವ ಅರಸನ ನೆರಳಿನಲ್ಲಿ ನಿಂತದ್ದು ಚರಿತ್ರೆಯ ವಿನೋದಗಳಲ್ಲೊಂದು. ಹಾಳುಬಿದ್ದ ನೆಲವನ್ನು ಸಾಗುಮಾಡುವ ರೈತನು ಯಾವ ದೇವರಿಗೆ ಕೈಮುಗಿದರೂ ಕೆಳದಿಯವರಿಗೆ ಅಡ್ಡಿಯಿರಲಿಲ್ಲ. 1678ರಲ್ಲಿ, ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಪೋರ್ತುಗೀಸರೊಡನೆ ಆದ ಕೌಲಿನ ಮೇರೆಗೆ ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅಪ್ಪಣೆಯಾಯಿತು. ಇವುಗಳಲ್ಲಿ ಮೊದಲ ನಾಲ್ಕೂ ಈಗಿನ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೇರಿವೆಯೆಂಬುದು ವಾಚಕರ ಲಕ್ಷ್ಯಕ್ಕೆ ಬಂದೀತು. ಚಂದಾವರದ ಇಗರ್ಜಿಯು ಸಂತ ಫ್ರಾನ್ಸಿಸ್ ಜೇವಿಯರನ ಹೆಸರಿನದು.

ಅಪ್ಪಣೆ ದೊರೆತರೂ ಪುರೋಹಿತರು ದೊರೆಯಬೇಕಲ್ಲವೆ? ಗೋವೆಯ ಆರ್ಚುಬಿಷಪರೂ ರೋಮಿನಿಂದ ನೇಮಕವಾಗಿ ಬಂದ ತೋಮಾಸ್ ದೆ ಕಾಸ್ತ್ರೊ ಎಂಬ ಬಿಷಪರೂ ಈ ಕರಾವಳಿಯು ತಮ್ಮ ಅಧಿಕಾರಕ್ಕೆ ಸೇರಿದ್ದೆಂದು ಜಗಳಾಡುತ್ತಿದ್ದ ಕಾಲವದು. ಒಬ್ಬರು ಕೊಟ್ಟ ಸಂಸ್ಕಾರ ಸಲ್ಲದೆಂದು ಇನ್ನೊಬ್ಬರು ಹೇಳುತ್ತಿರಲು ಬಡ ಗೃಹಸ್ಥನ ಪಾಡು ಏನಾಗಬೇಕು? ಈ ಗೊಂದಲದ ನಡುವೆ 1681ರಲ್ಲಿ ಗೋವೆಯಿಂದ ಕನ್ನಡ ಜಿಲ್ಲೆಯ ಮೇಲ್ವಿಚಾರಕನಾಗಿ ಬಂದವನು ಜೋಸೆಫ್ ವಾಜ್. 1651ರಲ್ಲಿ ಸಾಸಷ್ಟಿಯ ಬಾಣಾವಲಿಯಲ್ಲಿ ಹುಟ್ಟಿದ ಈ ಕೊಂಕಣಿಗನು ಬರಿಗಾಲಲ್ಲಿ ಊರೂರು ಅಲೆದು ಜಗಳವನ್ನು ತಣ್ಣಗಾಗಿಸಿದನು, ಪಾಠಶಾಲೆಗಳನ್ನು ತೆರೆದನು, ಅದಕ್ಕೂ ಮಿಗಿಲಾಗಿ ಗೃಹಸ್ಥರ ಭ್ರಾತೃಸಂಘಗಳನ್ನು ಏರ್ಪಡಿಸಿದನು. 1684ರಲ್ಲಿ ಅವನು ಗೋವೆಗೆ ಮರಳಿದನು. ಪುರೋಹಿತನು ವರ್ಷಕ್ಕೊಮ್ಮೆ ಬಂದರೂ ಪ್ರಾರ್ಥನೆಯು ದಿನಾಲೂ ನಡೆಯಬೇಕೆಂಬ ಏರ್ಪಾಡಿನ ಬೆಲೆಯು ಆಗ ಯಾರಿಗೂ ತಿಳಿದಿರಲಾರದು. ಮುಂದೆ ಸಿಂಹಳದಲ್ಲಿ, ಒಲಂದೇಜರು ಕಥೋಲಿಕ ಪೂಜೆಯನ್ನು ನಿಷೇಧಿಸಿದ್ದ ನಾಡಿನಲ್ಲಿ, ವಾಜನು ಇದೇ ಪದ್ಧತಿಯನ್ನೇ ಬಳಸಿದನು. 1690ರ ಸುಮಾರಿನ ಒಂದು ನತಾಲದ ರಾತ್ರಿ ಯಾಳ್ಪಾಣದಲ್ಲಿ ಪೂಜೆಗೆ ನೆರೆದವರ ಮೇಲೆ ಒಲಂದೇಜ ಸಿಪಾಯಿಗಳು ಬಿದ್ದು ನೂರಾರು ಮಂದಿಯನ್ನು ಹಿಡಿದೊಯ್ದರು; ವಾಜನು ಮಾತ್ರ ಸಿಕ್ಕಲಿಲ್ಲ. ಅಲ್ಲಿಯ ಸಭೆಯು ಅಳಿಯಲೂ ಇಲ್ಲ. 2015ರ ಜನವರಿಯಲ್ಲಿ ಕೊಲಂಬೊ ನಗರದಲ್ಲಿ ಅವನನ್ನು ಸಂತನೆಂದು ಸಾರಲಾಯಿತು.

ಈ ಜನರ ಮನೆಯ ಧರ್ಮವನ್ನು ಕುರಿತು ಹೇಳುವಾಗ ಒಂದು ಗ್ರಂಥವನ್ನು ಮರೆಯುವಂತಿಲ್ಲ. ಸಾಸಷ್ಟಿಯಲ್ಲಿ ನೆಲೆಸಿದ್ದ ಆಂಗ್ಲ ಪಾದ್ರಿ ತೋಮಸ್ ಸ್ಟೀಫನ್ಸನು ರಚಿಸಿದ ಕ್ರಿಸ್ತಪುರಾಣವು 1616ರಲ್ಲಿ ರಾಯತೂರಿನಲ್ಲಿ ಮುದ್ರಿತವಾಯಿತು. ಕೊಂಕಣಿಯ ಬೆರಕೆಯುಳ್ಳ ಮರಾಠಿಯ ಓವಿಗಳಲ್ಲಿ, ಜ್ಞಾನೇಶ್ವರ ಏಕನಾಥರ ಛಂದಸ್ಸಿನಲ್ಲಿ, ಸುಮಾರು ಹನ್ನೊಂದು ಸಾವಿರ ಪದ್ಯಗಳ ಕಾವ್ಯ. ಹಳೆಯ ಪುರಾಣಗಳ ಶ್ರವಣವನ್ನು ಬಿಟ್ಟುಬಂದ ಹೊಸ ಕ್ರೈಸ್ತರಿಗೆ ಕಿವಿಯ ಹಸಿವೆ ಹಿಂಗಿರಲಿಲ್ಲ. ಅದನ್ನು ತಣಿಸಲೆಂದೇ ಇದು ಹುಟ್ಟಿತು. ಇದರ ರಚನೆಯಲ್ಲಿ ಲಕ್ಷಿಸತಕ್ಕ ಒಂದು ಸಂಗತಿಯಿದೆ. ಕಾವ್ಯವು ಎರಡು ಭಾಗಗಳದು. ಕ್ರಿಸ್ತನ ಜನನವು ಎರಡನೆಯ ಭಾಗದಲ್ಲಿ ಬರುತ್ತದೆ. ಮೊದಲನೆಯ ಭಾಗವೆಲ್ಲ ಕಾಯುವಿಕೆಯ ಕಥೆ. ಸೃಷ್ಟಿ, ಪತನ, ಜಲಪ್ರಳಯ, ಈಜಿಪ್ತದ ದಾಸ್ಯ, ಬಾಬಿಲೋನಿನ ಸೆರೆ, ಪ್ರವಾದಿಗಳ ಮಾತು, ಹೀಗೆ ಸಾವಿರಾರು ಓವಿಗಳವರೆಗೆ ಬರುವವನು ಇನ್ನೂ ಬಂದಿರುವುದಿಲ್ಲ. ನತಾಲದ ಮುಂಚಿನ ನಾಲ್ಕು ವಾರಗಳ ಆಗಮನಕಾಲವನ್ನು ಕಥೋಲಿಕರು ಆಚರಿಸುವುದೂ ಈ ಭಾವದಿಂದಲೇ. ಈ ಕಾವ್ಯದ ಓದು ಕನ್ನಡ ಕರಾವಳಿಯ ಕ್ರೈಸ್ತರ ಮನೆಗಳಲ್ಲಿಯೂ ಇಗರ್ಜಿಗಳಲ್ಲಿಯೂ ರೂಢಿಯಲ್ಲಿತ್ತು. ಗೋವೆಯಲ್ಲಿ ಮುದ್ರಿತವಾದ ಹಳೆಯ ಪ್ರತಿಗಳು ಕಣ್ಮರೆಯಾದ ಮೇಲೆಯೂ ಮಂಗಳೂರ ಕಡೆಯ ಕುಟುಂಬಗಳಲ್ಲಿ ಕೈಬರಹದ ಪ್ರತಿಗಳು ಬಾಳಿದವು.

ಹಬ್ಬದ ಬಾಹ್ಯ ಆಚಾರಗಳು ನೆರೆಹೊರೆಯವರಿಗೆ ಪರಿಚಿತವಾದವುಗಳೇ. ಅಕ್ಕಿಹಿಟ್ಟು, ಬೆಲ್ಲ, ತೆಂಗಿನಕಾಯಿಗಳಿಂದ ಮಾಡಿದ ನೆವ್ರ್ಯೊ, ಕಿಡ್ಯೊ, ಗುಳಿಯೊ, ಲಾಡು, ಚಕ್ಕುಲಿಗಳನ್ನು ಒಟ್ಟಿಗೆ ಕುಸ್ವಾರವೆನ್ನುವರು. ಹೆಸರು ಪೋರ್ತುಗೀಸರಿಂದ ಬಂದದ್ದು, ಒಲೆಯ ಮೇಲಿನ ಕೈ ಮಾತ್ರ ಕೊಂಕಣದ್ದು. ತಟ್ಟೆಯಲ್ಲಿಟ್ಟು ಮುಚ್ಚಿ ನೆರೆಮನೆಗೆ ಕಳುಹಿಸುವುದು ವಾಡಿಕೆ. ಗೋದಲಿಯ ಬೊಂಬೆಗಳು, ನಡುರಾತ್ರಿಯ ಪೂಜೆ, ಹುಟ್ಟಿದ ಶಿಶುವಿನ ಪಾದಕ್ಕೆ ಮುತ್ತಿಡುವುದು, ಇವುಗಳಿಗೆ ಮಾತ್ರ ಇಗರ್ಜಿಯೂ ಪಾದ್ರಿಯೂ ಬೇಕು. ಡಿಸೆಂಬರಿನ ಆ ಚಳಿಯ ರಾತ್ರಿಗಳಲ್ಲಿ ಒಂದು ಕೇರಿಯವರು ನಡುರಾತ್ರಿಯ ಪೂಜೆ ಮುಗಿಸಿ ಮರಳುವ ಹೊತ್ತಿಗೆ ಇನ್ನೊಂದು ಕೇರಿಯವರು ಧನುರ್ಮಾಸದ ಬೆಳಗಿನ ಪೂಜೆಗೆ ಏಳುವ ಸಮಯವು ದೂರವಿರುವುದಿಲ್ಲ. ಈ ಒಡನಾಟದಲ್ಲಿ ನೂರಾರು ವರ್ಷ ಸಾಗಿದವು.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕರಾವಳಿಯು ಮೈಸೂರಿಗೆ ಸೇರಿತು. ಹೈದರನು ಕ್ರೈಸ್ತರನ್ನು ಒಟ್ಟಿನಲ್ಲಿ ಆದರದಿಂದಲೇ ನಡೆಸಿದನು. ಹೊನ್ನಾವರದಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದನು. ಆದರೆ ಮೊದಲನೆಯ ಆಂಗ್ಲ ಯುದ್ಧದ ಕಾಲಕ್ಕೇ, ಮಂಗಳೂರಿನ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಸಂಶಯವು ಮೊಳೆತಿತ್ತು. 1782ರ ಡಿಸೆಂಬರದಲ್ಲಿ ಹೈದರನು ತೀರಿಕೊಂಡನು. ಅದೇ ಹೊತ್ತಿಗೆ ಮುಂಬಯಿಯ ಸೇನಾಪತಿ ಮ್ಯಾಥ್ಯೂಸನು ಕುಮಟೆಯ ಬಳಿಯ ರಾಜಮಂದುರ್ಗದಲ್ಲಿ ದಂಡಿಳಿಸಿ, 1783ರ ಜನವರಿಯ ಆರಂಭದಲ್ಲಿ ಹೊನ್ನಾವರದ ಕೋಟೆಯನ್ನು ಲಗ್ಗೆಹತ್ತಿ ಹಿಡಿದನು. ಆ ತಿಂಗಳು ಮುಗಿಯುವುದರೊಳಗಾಗಿ ಬಿದನೂರೂ ಅವನ ವಶವಾಯಿತು. ವಸಂತವು ಮುಗಿಯುವಷ್ಟರಲ್ಲಿ ಟಿಪ್ಪು ಸುಲ್ತಾನನು ಬಿದನೂರನ್ನು ಮರಳಿ ಪಡೆದು ಕರಾವಳಿಗಿಳಿದನು. ಮಂಗಳೂರಿಗೆ ದೀರ್ಘವಾದ ಮುತ್ತಿಗೆ ಬಿದ್ದಿತು. ಇತ್ತ ಹೊನ್ನಾವರದಲ್ಲಿ ಕ್ಯಾಪ್ಟನ್ ತೊರಿಯಾನೊ ಎಂಬವನು ಕೋಟೆಯನ್ನು ಹಿಡಿದು ನಿಂತನು. ಸಂಧಿಯ ಮಾತು ನಡೆದಿದ್ದರೂ ಒಳಗೆ ಧಾನ್ಯ ಹೋಗಗೊಡದ ಆ ಮುತ್ತಿಗೆಯಲ್ಲಿ ಗುಂಡಿಗಿಂತ ಹಸಿವೆಯೂ ರೋಗವೂ ಹೆಚ್ಚು ಪ್ರಾಣಗಳನ್ನು ತಿಂದವು. 1783ರ ನತಾಲವು ಹೊನ್ನಾವರಕ್ಕೆ ಬಂದದ್ದು ಹೀಗೆ. ಒಬ್ಬ ರಾಜನ ಪ್ರಜೆಗಳಾಗಿದ್ದು ಇನ್ನೊಬ್ಬ ರಾಜನ ಧರ್ಮದವರೆನಿಸಿಕೊಂಡವರಿಗೆ ಮುಂದೇನೆಂಬ ಭೀತಿ ಆಗಲೇ ಇದ್ದಿರಬೇಕು. 1784ರ ಮಾರ್ಚ 11ರ ಮಂಗಳೂರಿನ ಕೌಲಿನ ಪ್ರಕಾರ ಹೊನ್ನಾವರವು ಟಿಪ್ಪುವಿಗೆ ಮರಳಿತು.

ಕೌಲಿಗೆ ಮೊದಲೇ, ಮಂಗಳೂರಿನ ಕೋಟೆಯು ಜನವರಿ ಕೊನೆಗೆ ಶರಣಾದ ಕೂಡಲೆ, ಕ್ರೈಸ್ತರನ್ನು ಹಿಡಿಯುವ ಆಜ್ಞೆ ಹೊರಟಿತ್ತು. ಕನ್ನಡ ಜಿಲ್ಲೆಯ ಉದ್ದಗಲಕ್ಕೂ ಒಂದೇ ದಿನ ಮನೆಗಳನ್ನು ಸುತ್ತುಗಟ್ಟಿದರೆಂದೂ ಆ ದಿನವು 1784ನೆಯ ಫೆಬ್ರುವರಿ 24, ವಿಭೂತಿ ಬುಧವಾರವಾಗಿತ್ತೆಂದೂ ಸಮಾಜದ ಪರಂಪರೆಯು ಹೇಳುತ್ತದೆ. ಎಲ್ಲ ಗ್ರಂಥಗಳಲ್ಲಿಯೂ ಇದೇ ಅಚ್ಚಾಗುತ್ತ ಬಂದಿದೆ. ಆದರೆ ಗಣಿತಮಾಡಿ ನೋಡಿದರೆ ಆ ವರ್ಷದ ಈಸ್ಟರು ಏಪ್ರಿಲ್ 11ಕ್ಕೆ ಬೀಳುತ್ತದೆ. ಅದರಿಂದ ನಲವತ್ತಾರು ದಿನ ಹಿಂದಕ್ಕೆಣಿಸಿದರೆ ವಿಭೂತಿ ಬುಧವಾರವು ಫೆಬ್ರುವರಿ 25. ಇಪ್ಪತ್ತನಾಲ್ಕು ಮಂಗಳವಾರ. ಆಜ್ಞೆಯು ಮುನ್ನಾದಿನ ತಲುಪಿ ಕಾರ್ಯವು ಮರುದಿನ ನಡೆಯಿತೆನ್ನಬಹುದು, ಇಲ್ಲವೆ ಕಾಗದವು ಒಂದು ದಿನ ತಪ್ಪಿತೆನ್ನಬಹುದು. ತಾರೀಖು ಮರೆತುಹೋಗಬಹುದು, ಹಣೆಗೆ ಬೂದಿ ಹಚ್ಚಿಸಿಕೊಳ್ಳಬೇಕಾಗಿದ್ದ ದಿನವು ಮರೆಯಲಾರದೆಂಬ ಕಾರಣದಿಂದ ವಾರದ ಸಾಕ್ಷಿಯೇ ಹೆಚ್ಚು ನಂಬತಕ್ಕದ್ದೆಂದು ತೋರುತ್ತದೆ.

ಹಿಡಿದವರ ಸಂಖ್ಯೆಯ ವಿಷಯದಲ್ಲಿ ಒಮ್ಮತವಿಲ್ಲ. ಕನ್ನಡದಲ್ಲಿಯೇ ಬರೆದ ಬಾರಕೂರಿನ ಹಸ್ತಪ್ರತಿಯು ಅರವತ್ತು ಸಾವಿರವೆನ್ನುತ್ತದೆ. ಟಿಪ್ಪುವಿನ ಆಸ್ಥಾನದ ಇತಿಹಾಸವೂ ಅದೇ ಅಂಕೆಯನ್ನು ಕೊಡುತ್ತದೆ. ಮನ್ರೋ ಸಾಹೇಬನದೂ ಅಷ್ಟೇ. ಬುಕಾನನನು ಎಂಬತ್ತು ಸಾವಿರ ಜನಸಂಖ್ಯೆಯಲ್ಲಿ ಎಪ್ಪತ್ತು ಸಾವಿರವೆನ್ನುವನು. ಶ್ರೀರಂಗಪಟ್ಟಣದಲ್ಲಿ ತಾನೇ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲ ನಾವಿಕನು ಮಾತ್ರ ಮೂವತ್ತು ಸಾವಿರವೆಂದು ಬರೆದಿರುವನು. ಮೂವತ್ತೇ ಇರಲಿ, ಅರವತ್ತೇ ಇರಲಿ, ಹೆಂಗಸರು ಮಕ್ಕಳು ಮುದುಕರು ಸಹಿತವಾಗಿ ಒಂದು ಜನಾಂಗವೇ ಘಟ್ಟ ಹತ್ತಿತು. ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಇನ್ನೂರಕ್ಕೂ ಹೆಚ್ಚು ಮೈಲಿಗಳ ದಾರಿಗೆ ಸುಮಾರು ಆರು ವಾರ ಹಿಡಿದವು. ಅದೇ ಅವರ ತಪಸ್ಸುಕಾಲವಾಯಿತು. ದಾರಿಯಲ್ಲಿಯೇ ಇಪ್ಪತ್ತು ಸಾವಿರ ಮಂದಿ ಸತ್ತರೆಂದು ಬಾರಕೂರಿನ ಹಸ್ತಪ್ರತಿಯ ಲೆಕ್ಕ.

ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವು. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಶಿಲುಬೆಯ ಇಗರ್ಜಿಯೊಂದು ಉಳಿಯಿತು. ಉಳಿಸಿದವನು ಜೈನನಾದ ಚೌಟ ಅರಸ. ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಿ, ಮರಳಿ ಬಂದರೆ ಮರಣದಂಡನೆಯೆಂದು ವಿಧಿಸಲಾಯಿತು. ಕೆಲವು ಸಾವಿರ ಮಂದಿ ಮೊದಲೇ ಸುಳಿವು ತಿಳಿದು ತಪ್ಪಿಸಿಕೊಂಡರು. ತಪ್ಪಿಸಿಕೊಂಡವರೆಂದರೆ ಯಾರೋ ಅಡಗಿಸಿಕೊಂಡವರೆಂದೇ ಅರ್ಥ. ಅಡಗಿಸಿದ ಹಿಂದೂ ಮನೆಗಳ ಹೆಸರು ಬರೆದಿಟ್ಟವರಿಲ್ಲ. ಕೊಡಗಿನ ದೊಡ್ಡ ವೀರರಾಜೇಂದ್ರನು ಸೆರೆಯಿಂದ ಪಾರಾಗಿ ಬಂದವರಿಗೆ ನೆಲೆಯಿತ್ತನು. ವೀರರಾಜಪೇಟೆಯ ಸಂತ ಅನ್ನಮ್ಮನ ಇಗರ್ಜಿಯು 1792ರಲ್ಲಿ ಅವರಿಗಾಗಿಯೇ ಹುಟ್ಟಿತು.

ಟಿಪ್ಪುವು ಹೀಗೇಕೆ ಮಾಡಿದನು? ಶತ್ರುವಿಗೆ ಹಣವನ್ನೂ ಅಕ್ಕಿಯನ್ನೂ ಒದಗಿಸಿದರೆಂಬ ಆರೋಪವು ರಾಜಕಾರಣದ್ದು. ಸುನತಿಯ ಬಲಾತ್ಕಾರವು ಮತದ್ದು. ಶೃಂಗೇರಿಯ ಸ್ವಾಮಿಗಳಿಗೆ ವಿನಯದಿಂದ ಕನ್ನಡದಲ್ಲಿ ಪತ್ರ ಬರೆಯಿಸಿ ದೇವಿಯ ಪುನಃಪ್ರತಿಷ್ಠೆಗೆ ದ್ರವ್ಯ ಕಳುಹಿಸಿದವನೂ ಇದೇ ದೊರೆಯೆಂಬುದನ್ನು ಅಲ್ಲಗಳೆಯಲಾಗದು. ಒಂದರ ಮುಸುಕಿನಿಂದ ಇನ್ನೊಂದನ್ನು ಮುಚ್ಚುವ ಕೆಲಸವನ್ನು ಎರಡು ಪಕ್ಷದವರೂ ಮಾಡುತ್ತಲೇ ಇದ್ದಾರೆ. ಕೆಲವರು ತಪ್ಪು ಮಾಡಿದ್ದರೂ ತೊಟ್ಟಿಲ ಮಕ್ಕಳಿಗೆ ದಂಡ ವಿಧಿಸಿದ ನೀತಿಯು ಯಾವ ಧರ್ಮಶಾಸ್ತ್ರದಲ್ಲಿಯೂ ನ್ಯಾಯವೆನಿಸದು.

ಇನ್ನು ಸೆರೆಯ ಜೀವನ. ಯುವಕರನ್ನು ಸುನತಿ ಮಾಡಿಸಿ ಚೇಲಾ ದಂಡುಗಳಲ್ಲಿ ಸೇರಿಸಿದರು, ಹೊಸ ಹೆಸರುಗಳನ್ನಿಟ್ಟರು, ಕುಟುಂಬಗಳನ್ನು ಚದರಿಸಿದರು. ಹೆಂಗಸರ ವಿಷಯದಲ್ಲಿ ಸ್ಕರಿಯು ಬರೆದ ಕೆಲವು ಸಂಗತಿಗಳನ್ನು ಇಲ್ಲಿ ಮತ್ತೆ ಬರೆಯದಿರುವುದೇ ಲೇಸು. ಧರ್ಮದ ದೃಷ್ಟಿಯಿಂದ ನೋಡಿದರೆ ಪುರೋಹಿತನಿಲ್ಲದ ಕಥೋಲಿಕನಿಗೆ ಏನು ಉಳಿಯುತ್ತದೆಂಬುದನ್ನು ಯೋಚಿಸಬೇಕು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವನಿಗೆ ಅಂತ್ಯದ ಅಭ್ಯಂಗವಿಲ್ಲ. ಸಂಸ್ಕಾರಗಳಲ್ಲಿ ಜ್ಞಾನಸ್ನಾನವೊಂದನ್ನು ಮಾತ್ರ, ಗಂಡಾಂತರದಲ್ಲಿ, ನೀರೂ ಸಂಕಲ್ಪವೂ ಇದ್ದರೆ ಯಾವ ಗೃಹಸ್ಥನಾದರೂ ಯಾವ ತಾಯಿಯಾದರೂ ಕೊಡಬಹುದೆಂದು ಆ ಸಭೆಯ ಶಾಸ್ತ್ರ. ಅದರ ಹೊರತು ಉಳಿದದ್ದು ಬೆರಳೆಣಿಕೆಯ ಜಪ, ಬಾಯಿಪಾಠದ ಕೊಂಕಣಿ ಪ್ರಾರ್ಥನೆ, ಹಬ್ಬಗಳ ನೆನಪು. ವಾಡೆಯ ಹಿರಿಯನನ್ನು ಗುರ್ಕಾರನೆಂದು ಕರೆಯುವ ಪದ್ಧತಿಯುಳ್ಳ ಈ ಜನರಿಗೆ ಪಾದ್ರಿಯಿಲ್ಲದೆ ಕೂಡಿ ಪ್ರಾರ್ಥಿಸುವುದು ತೀರ ಹೊಸದಲ್ಲ. ಅವರ ಕಿವಿಯಲ್ಲಿ ಕ್ರಿಸ್ತಪುರಾಣದ ಓವಿಗಳೂ ಇದ್ದವು. ಸೆರೆಯಲ್ಲಿ ಆ ಕಾವ್ಯವು ಅವರ ಧೈರ್ಯವನ್ನು ಕಾಯ್ದಿತೆಂಬ ಮಾತು ಪರಂಪರೆಯಲ್ಲಿ ನಡೆದುಬಂದಿದೆ.

ಹಬ್ಬದ ನೆನಪೂ ಸುಲಭವಾಗಿರಲಿಲ್ಲ. ಟಿಪ್ಪುವು ತನ್ನ ರಾಜ್ಯಕ್ಕೆ ಹೊಸ ಪಂಚಾಂಗವನ್ನೇ ಮಾಡಿಸಿದ್ದನು. ಮಾಸಗಳ ಹೆಸರು ಬೇರೆ, ಸಂವತ್ಸರಗಳ ಹೆಸರು ಬೇರೆ. ಕೆಲವು ವರ್ಷಗಳಲ್ಲಿ ಅದನ್ನೂ ಬದಲಾಯಿಸಿ ಪೈಗಂಬರರ ಜನನದಿಂದೆಣಿಸುವ ಮೌಲೂದಿ ಶಕವನ್ನು ನಡೆಯಿಸಿದನು. ಇಂಥ ರಾಜಧಾನಿಯಲ್ಲಿ, ಪಾದ್ರಿಯ ಪುಸ್ತಕವಿಲ್ಲದೆ, ಡಿಸೆಂಬರ 25 ಎಂದೆಂದು ತಿಳಿಯುವ ಬಗೆ ಹೇಗೆ? ಭಾನುವಾರಗಳನ್ನು ತಪ್ಪದೆ ಎಣಿಸುತ್ತ ಹೋಗಬೇಕು. ಇಲ್ಲವೆ ಹಿಂದೂ ನೆರೆಯವರ ಧನುಃಸಂಕ್ರಮಣವನ್ನು ಗುರುತಿಟ್ಟುಕೊಳ್ಳಬೇಕು. ಅದರ ಅನಂತರದ ಮೊದಲ ಪಕ್ಷದೊಳಗೆ ನತಾಲವು ಬಂದೇ ಬರುವುದು. ಸೆರೆಯ ಮೊದಲನೆಯ ನತಾಲವು ಶನಿವಾರದ್ದಾಗಿತ್ತು, 1784ರಲ್ಲಿ. ಕೊನೆಯದು 1798ರದು. ನಡುವೆ ಹದಿಮೂರು. ಆಗಮನಕಾಲದ ಪ್ರಾರ್ಥನೆಗಳಲ್ಲಿ ಬಾಬಿಲೋನು ಬರುತ್ತದೆ, ಕತ್ತಲಲ್ಲಿ ಕುಳಿತ ಜನರು ಬರುತ್ತಾರೆ, ಬಿಡುಗಡೆಯ ಮಾತು ಬರುತ್ತದೆ. ಊರಲ್ಲಿದ್ದಾಗ ಇವೆಲ್ಲ ಬೇರೆ ಯಾರದೋ ಪ್ರಾಚೀನ ಕಥೆ. ಕಾವೇರಿಯ ದ್ವೀಪದಲ್ಲಿ ಅವೇ ಮಾತುಗಳು ಹೇಗೆ ಕೇಳಿಸಿದ್ದಾವೆಂಬುದನ್ನು ಊಹಿಸಲು ಕವಿಯೇ ಆಗಬೇಕಾಗಿಲ್ಲ.

ಆದರೆ ಇಲ್ಲಿಯೇ ಆಬೆ ದ್ಯುಬುವಾ ಎಂಬವನ ಕಠಿಣವಾದ ಮಾತು ಅಡ್ಡಬರುತ್ತದೆ. ಹಿಂದೂ ಜನರ ಆಚಾರವಿಚಾರಗಳನ್ನು ಕುರಿತು ಪ್ರಖ್ಯಾತ ಗ್ರಂಥವನ್ನು ಬರೆದ ಈ ಫ್ರೆಂಚ್ ಪಾದ್ರಿಯು ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿಗೆ ಬಂದು ಚದರಿದ ಕ್ರೈಸ್ತರನ್ನು ಕೂಡಿಸಿದವನು. ಅವನು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಹಿಡಿಯಲ್ಪಟ್ಟ ಅರವತ್ತು ಸಾವಿರ ಮಂದಿಯಲ್ಲಿ ಒಬ್ಬನಾದರೂ ತನ್ನ ಧರ್ಮವನ್ನು ಬಾಯಿಬಿಟ್ಟು ಹೇಳಿ ಪ್ರಾಣ ಕೊಡುವ ಧೈರ್ಯ ತೋರಲಿಲ್ಲವೆಂದೂ ಇದು ಕ್ರೈಸ್ತಲೋಕಕ್ಕೆ ನಾಚಿಕೆಗೇಡೆಂದೂ ಬರೆದನು. ಹಿಂದೂಸ್ಥಾನದಲ್ಲಿ ಕ್ರೈಸ್ತಧರ್ಮವು ಬೇರೂರಲಾರದೆಂದು ಸಾಧಿಸುವುದು ಆ ಪತ್ರಗಳ ಉದ್ದೇಶವಾಗಿತ್ತೆಂಬುದನ್ನು ಓದುವವರು ಮರೆಯಬಾರದು. ವಾದಕ್ಕೆ ಅನುಕೂಲವಾದ ದೃಷ್ಟಾಂತವು ದೊರೆತಾಗ ಲೇಖಣಿಯು ತುಸು ವೇಗದಿಂದ ಓಡುವುದು ಸಹಜ. ದ್ಯುಬುವಾ ಆ ಹದಿನೈದು ವರ್ಷ ಅಲ್ಲಿರಲಿಲ್ಲ. ಹತ್ತು ವರ್ಷ ಮೈಸೂರಿನ ಸೆರೆಯಲ್ಲಿದ್ದ ಸ್ಕರಿಯು, ಆಜ್ಞೆಗೆ ಬಗ್ಗದ ಕ್ರೈಸ್ತರ ಕಿವಿಮೂಗುಗಳನ್ನು ಕೊಯ್ದ ಸಂಗತಿಯನ್ನು ಬರೆದಿರುವನು. ಕೊಯ್ಯಿಸಿಕೊಂಡವರು ಬಾಯಿಬಿಡದಿದ್ದವರೆಂದು ಹೇಳುವುದು ಹೇಗೆ?

ಇದೆಲ್ಲ ಹೌದಾದರೂ ಬಹುಜನರು ಬಗ್ಗಿದರೆಂಬುದು ನಿಜ. ಸುನತಿಯಾಯಿತು, ಹೆಸರು ಬದಲಾಯಿತು, ದಂಡಿನ ಸಂಬಳವನ್ನೂ ತಿಂದರು. ಕೆಲವರು ಹೊಸ ಧರ್ಮದಲ್ಲಿಯೇ ನಿಂತರು. ಅವರ ಸಂತತಿಯವರು ತಮ್ಮ ಮೂಲವನ್ನು ಅರಿಯದೆ ಮೈಸೂರ ಸೀಮೆಯಲ್ಲಿ ಬೆರೆತುಹೋಗಿರಬೇಕು. ಇದನ್ನು ಮರೆಮಾಚಿ ಎಲ್ಲರನ್ನೂ ಹುತಾತ್ಮರನ್ನಾಗಿ ಮಾಡುವ ಸಮಾಜಾಭಿಮಾನದ ಬರಹಗಳೂ ಸತ್ಯಕ್ಕೆ ದೂರ. ದ್ಯುಬುವಾನ ತಕ್ಕಡಿಯಲ್ಲಿ ಎರಡೇ ತಟ್ಟೆಗಳಿದ್ದವು: ಸತ್ತವನು ಕ್ರೈಸ್ತ, ಬದುಕಿದವನು ಭ್ರಷ್ಟ. ಆದರೆ 1799ನೆಯ ಮೇ 4ರಂದು ಪಟ್ಟಣವು ಬಿದ್ದು ಟಿಪ್ಪುವು ಮಡಿದ ಬಳಿಕ ನಡೆದದ್ದು ಆ ತಕ್ಕಡಿಯಲ್ಲಿ ತೂಗುವಂಥದಲ್ಲ. ಯಾರ ಬಲಾತ್ಕಾರವೂ ಇಲ್ಲದೆ, ಬಹುಮಾನದ ಆಶೆಯೂ ಇಲ್ಲದೆ, ಸಾವಿರಾರು ಮಂದಿ ಮುಂದೆ ಬಂದು ತಾವು ಕ್ರೈಸ್ತರೆಂದರು. ಬದುಕಿ ಧರ್ಮಕ್ಕೆ ಮರಳಿದವರು ಹದಿನೈದರಿಂದ ಇಪ್ಪತ್ತು ಸಾವಿರವೆಂದು ಒಂದು ಅಂದಾಜು. ಸಭೆಗೆ ಮರಳಿ ಸೇರಿಸಿಕೊಂಡವರಲ್ಲಿ ದ್ಯುಬುವಾನೇ ಒಬ್ಬನು. ಹಿಡಿದಾಗ ಐದು ವರ್ಷದವನಾಗಿದ್ದ ಹುಡುಗನು ಈಗ ಇಪ್ಪತ್ತರ ಯುವಕನು. ಇಗರ್ಜಿಯ ಒಳಗನ್ನು ಅವನು ನೆನಪಿಟ್ಟಿರಲಾರನು, ಪೂಜೆಯನ್ನು ಕಂಡು ಅರಿಯನು. ಸೆರೆಯಲ್ಲಿಯೇ ಹುಟ್ಟಿದವರಂತೂ ಪಾದ್ರಿಯ ಮುಖವನ್ನೇ ಕಂಡವರಲ್ಲ. ಅಂಥವರ ಬಾಯಲ್ಲಿ ಪ್ರಾರ್ಥನೆಯ ಮಾತುಗಳಿದ್ದವೆಂದರೆ ಯಾರೋ ಕಲಿಸಿದ್ದರು. ರಾತ್ರಿಯ ಹೊತ್ತು, ಮೆಲುದನಿಯಲ್ಲಿ, ಬಹುಶಃ ಸುನತಿಯಾದ ಒಬ್ಬ ತಂದೆ, ಹೆಸರು ಬದಲಾದ ಒಬ್ಬ ತಾಯಿ. ಬಗ್ಗಿದವರೇ ಕಲಿಸಿದವರು. ದ್ಯುಬುವಾನ ಕಣ್ಣಿಗೆ ಬೀಳದೆ ಹೋದದ್ದು ಇಷ್ಟೇ.

ಮರಳುವ ದಾರಿಯು ಒಯ್ದ ದಾರಿಗಿಂತ ಸುಗಮವಾಗಿದ್ದರೂ ಊರು ಮೊದಲಿನ ಊರಾಗಿರಲಿಲ್ಲ. 1799ರಲ್ಲಿ ಕನ್ನಡ ಜಿಲ್ಲೆಯು ಕಂಪನಿ ಸರಕಾರದ ಕೈಸೇರಿ ತೋಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಬಿಟ್ಟುಹೋದ ಗದ್ದೆಗಳನ್ನು ಹದಿನೈದು ವರ್ಷಗಳಿಂದ ಬೇರೆಯವರು ಉಳುತ್ತಿದ್ದರು. ಅವರೂ ಕಂದಾಯ ಕೊಟ್ಟವರೇ, ಅವರದೂ ಬೆವರೇ. ಕಾಗದಪತ್ರ ಕಳೆದುಕೊಂಡು ಬಂದವನು ತನ್ನದೆಂದು ತೋರಿಸುವ ಹೊಲದಲ್ಲಿ ಇನ್ನೊಬ್ಬನ ಬೆಳೆ ನಿಂತಿರಲು ನ್ಯಾಯವು ಯಾರ ಕಡೆಗೆಂದು ಹೇಳುವುದು ಸುಲಭವಲ್ಲ. ಕೆಲವರಿಗೆ ಭೂಮಿ ಮರಳಿತು. ಹಲವರು ತಮ್ಮದೇ ಹೊಲಕ್ಕೆ ಗೇಣಿದಾರರಾದರು. 1801ರ ಆರಂಭದಲ್ಲಿ ಈ ಮಾರ್ಗವಾಗಿ ಹೋದ ಬುಕಾನನನು ಕಂಡ ಹೊನ್ನಾವರವು ಹಾಳಾದ ಪಟ್ಟಣವಾಗಿತ್ತು. ಒಂದು ಕಾಲದ ವ್ಯಾಪಾರದ ಗಲಭೆಯೂ ಹೈದರನ ಹಡಗುಕಟ್ಟೆಯೂ ಅಲ್ಲಿರಲಿಲ್ಲ.

1799ರ ನತಾಲವು ಬುಧವಾರದ ದಿನ ಬಂದಿತು. ಹಿಡಿದೊಯ್ದದ್ದೂ ಬುಧವಾರವೆಂಬುದನ್ನು ಎಣಿಸಿ ನೋಡಿದ ಹಿರಿಯರು ಇದ್ದಿರಲಾರರೆಂದು ಹೇಳಲಾಗದು. ವಾರಗಳನ್ನೆಣಿಸುವುದೇ ಹದಿನೈದು ವರ್ಷ ಅವರ ವ್ರತವಾಗಿತ್ತು. ನೆಲಸಮವಾದ ಇಗರ್ಜಿಗಳು ಏಳುವುದಕ್ಕೆ ಕಾಲ ಹಿಡಿಯಿತು. ಗೋವೆಯಿಂದ ಪಾದ್ರಿಗಳು ಮತ್ತೆ ಬಂದರು. ಮೊದಲು ಹುಲ್ಲಿನ ಚಪ್ಪರ, ಬಳಿಕ ಮಣ್ಣಿನ ಗೋಡೆ, ಹೆಂಚು, ಕೆಂಪುಕಲ್ಲು, ಈ ಕ್ರಮದಲ್ಲಿಯೇ ಈ ಕರಾವಳಿಯಲ್ಲಿ ದೇವರ ಮನೆಗಳು ಕಟ್ಟಲ್ಪಡುವವು, ಯಾವ ದೇವರದಾದರೂ ಸರಿ.

ಮುಂದಿನ ಸಂಗತಿಗಳು ಆಡಳಿತದವು. ಬೇಗ ಹೇಳಿ ಮುಗಿಸಬಹುದು. 1862ರಲ್ಲಿ ಕನ್ನಡ ಜಿಲ್ಲೆಯ ಉತ್ತರಭಾಗವು ಮುಂಬಯಿ ಇಲಾಖೆಗೆ ಹೋಯಿತು. ದಕ್ಷಿಣದ ಕ್ರೈಸ್ತರಿಗೆ ಮಂಗಳೂರಿನಲ್ಲಿ ಪ್ರತ್ಯೇಕ ಬಿಷಪರಾದರೂ ಹೊನ್ನಾವರ ಕುಮಟೆಗಳವರು ಗೋವೆಯ ಆರ್ಚುಬಿಷಪರಿಗೇ ಸೇರಿದ್ದರು; 1953ರಲ್ಲಿ ಬೆಳಗಾವಿಯ ಧರ್ಮಪ್ರಾಂತಕ್ಕೂ 1976ರಲ್ಲಿ ಹೊಸದಾಗಿ ಸ್ಥಾಪಿತವಾದ ಕಾರವಾರದ ಧರ್ಮಪ್ರಾಂತಕ್ಕೂ ಸೇರಿದರು. ಸೆರೆಯ ಚರಿತ್ರೆಯನ್ನು ಪರಂಪರೆಯ ಮಾತಿನಿಂದ ಬಿಡಿಸಿ ಕಾಗದಪತ್ರಗಳಿಂದ ಪರಿಶೀಲಿಸುವ ಕೆಲಸವು ನಿಧಾನವಾಗಿ ನಡೆದುಬಂದಿದೆ; ಪಾದ್ರಿ ಸೆವರಿನ್ ಸಿಲ್ವರು ಕನ್ನಡ ಜಿಲ್ಲೆಯ ಕ್ರೈಸ್ತಧರ್ಮದ ಇತಿಹಾಸವನ್ನು 1957ರಿಂದ ಮೊದಲ್ಗೊಂಡು ಪ್ರಕಟಿಸಿದರು, ಆಲನ್ ಮಚಾಡೊ ಅವರು 2015ರಲ್ಲಿ ಈ ವಿಷಯವನ್ನೇ ಕುರಿತ ಗ್ರಂಥವನ್ನು ಹೊರತಂದರು.

ಕ್ರಿಸ್ತಪುರಾಣದ ಮಾತು ಒಂದು ಉಳಿದಿದೆ. ಮೂರು ಸಲ ಗೋವೆಯಲ್ಲಿ ಮುದ್ರಿತವಾಗಿಯೂ, 1654ರ ತರುವಾಯ ಅದು ಎರಡೂವರೆ ಶತಮಾನ ಅಚ್ಚಿನ ಮುಖ ಕಾಣಲಿಲ್ಲ. ಹಳೆಯ ಮುದ್ರಿತ ಪ್ರತಿಯೊಂದೂ ದೊರೆಯದಾದಾಗ, ಕನ್ನಡ ಕರಾವಳಿಯ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು ಕೂಡಿಸಿ, ಒಂದರೊಡನೆ ಒಂದನ್ನು ತಾಳೆನೋಡಿ, ಜೋಸೆಫ್ ಸಲ್ಡಾನ್ಹರು 1907ರಲ್ಲಿ ಮಂಗಳೂರಿನ ಬೋಳಾರದಲ್ಲಿ ಅದನ್ನು ಮತ್ತೆ ಅಚ್ಚುಮಾಡಿಸಿದರು. ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರನ ಇಗರ್ಜಿಯು ಮತ್ತೆ ಎದ್ದಿತು. ಡಿಸೆಂಬರ 3ರಂದು ಅಲ್ಲಿ ನೆರೆಯುವ ಫೆಸ್ತಕ್ಕೆ ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಅಲ್ಲಿಂದ ಇಪ್ಪತ್ತೆರಡು ದಿನಕ್ಕೆ ನತಾಲ.